ಹೆಣ್ಣುಮಗುವಿಗೆ ಡಿಎಂಎಸ್‌ಎ ಸ್ಕ್ಯಾನ್ ಬೇಡವೆನ್ನಬಹುದೇ?

ಮೂತ್ರದ ಸೋಂಕು ವಾಸಿಯಾದ ನಾಲ್ಕು ವರ್ಷದ ಮಗಳಿಗೆ ವೈದ್ಯರು ಡಿಎಂಎಸ್‌ಎ ಎಂಬ ಮೂತ್ರಪಿಂಡದ ಸ್ಕ್ಯಾನ್ ಬರೆದಿದ್ದಾರೆ, ವಿಕಿರಣ ಹೆಣ್ಣುಮಕ್ಕಳಿಗೆ ಹೆಚ್ಚು ಅಪಾಯವಂತೆ, ಬೇಡವೆನ್ನಲೇ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಕುಳಿತು ನಾನೂ ಇದೇ ಚಿಂತೆಯಲ್ಲಿ ನಿದ್ದೆಗೆಟ್ಟವನು.

ನನ್ನ ಮಗಳನ್ನು ಚಳಿಜ್ವರದಿಂದ ಆಸ್ಪತ್ರೆಗೆ ಸೇರಿಸಿ ಬಿಡಿಸಿಕೊಂಡು ಬರುವಾಗ ಮಕ್ಕಳ ವೈದ್ಯರು, ಆರು ತಿಂಗಳು ಕಳೆದ ಮೇಲೆ ಮೈಸೂರಿಗೆ ಹೋಗಿ ಡಿಎಂಎಸ್‌ಎ ಮಾಡಿಸಿ ಎಂದು ಬರೆದುಕೊಟ್ಟಿದ್ದರು. ಆ ಅವಧಿಯನ್ನು ನಮ್ಮ ಅನುಕೂಲಕ್ಕೆ ಕೊಟ್ಟ ಗಡುವೆಂದು ತಿಳಿದ ನಾನು, ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಮುಗಿಸಿಬಿಡೋಣವೆಂದು ಜ್ವರ ಬಿಟ್ಟ ಕೆಲವೇ ವಾರಗಳಲ್ಲಿ ಕರೆದೊಯ್ದೆ. ಸೋಂಕು ಯಾವಾಗ ಬಂದಿತ್ತೆಂದು ಅಲ್ಲಿಯವರು ಕೇಳಿದರೆ ‘ಬಹಳ ದಿನವಾಯಿತು’ ಎಂದುಬಿಟ್ಟೆ.

ಈ ಪರೀಕ್ಷೆಯಲ್ಲಿ ರಕ್ತನಾಳಕ್ಕೆ ಕೊಟ್ಟ, ವಿಕಿರಣ ಸೂಸುವ ಟೆಕ್ನೀಷಿಯಂಯುಕ್ತ ಔಷಧವನ್ನು ಮೂತ್ರಪಿಂಡದ ಹೊರಪದರ ಹೀರಿಕೊಳ್ಳುತ್ತದೆ; ಎರಡು ಮೂರು ಗಂಟೆಯ ನಂತರ ಆ ವಿಕಿರಣವನ್ನು ಹಿಡಿಯುವ ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆದರೆ ಔಷಧ ಹಿಡಿಯದ ಭಾಗ ಖಾಲಿಯಾಗಿ ಕಾಣುತ್ತದೆ. ಶಾಶ್ವತವಾಗಿ ಕಲೆಗಟ್ಟಿದ ಭಾಗವೂ ಖಾಲಿ ಕಾಣಬಹುದು, ಸೋಂಕಿನ ಉರಿಯೂತ ಇನ್ನೂ ಇಳಿಯದ ಭಾಗವೂ ಖಾಲಿ ಕಾಣಬಹುದು. ಇವೆರಡನ್ನು ಬೇರ್ಪಡಿಸಲೆಂದೇ ನಾಲ್ಕರಿಂದ ಆರು ತಿಂಗಳು ಕಾಯುವುದು. ನಾನು ಕಾಯಲಿಲ್ಲ. ಎಡ ಮೂತ್ರಪಿಂಡದ ಮೇಲ್ತುದಿಯಲ್ಲಿ ಖಾಲಿ ಜಾಗ ಕಂಡಿತು. ಮಗುವಿನ ಮೂತ್ರಪಿಂಡ ಹಾಳಾಯಿತೆಂದೇ ಮನೆಮಂದಿ ತಿಂಗಳುಗಟ್ಟಲೆ ಕೊರಗಿದೆವು. ಸರಿಯಾದ ಸಮಯಕ್ಕೆ ಮತ್ತೆ ಮಾಡಿಸಿದಾಗ ಆ ಜಾಗ ಸಹಜವಾಗಿತ್ತು. ವಿಕಿರಣಕ್ಕೆ ಅಷ್ಟು ಹೆದರಿದ್ದವನು ಅದನ್ನು ಎರಡು ಸಲ ಕೊಡಿಸಿದಂತಾಯಿತು.

ನೀವು ಓದಿದ್ದು ಸುಳ್ಳಲ್ಲ. ಒಂದೇ ಪ್ರಮಾಣದ ವಿಕಿರಣಕ್ಕೆ ಹೆಣ್ಣುಮಕ್ಕಳ ಜೀವಮಾನದ ಕ್ಯಾನ್ಸರ್ ಅಪಾಯ ಗಂಡುಮಕ್ಕಳಿಗಿಂತ ಹೆಚ್ಚು, ವಯಸ್ಸು ಕಡಿಮೆಯಿದ್ದಷ್ಟೂ ಇನ್ನೂ ಹೆಚ್ಚು ಎಂದು ಅಮೆರಿಕದ ವಿಜ್ಞಾನ ಅಕಾಡೆಮಿಯ 2006ರ ವರದಿಯೂ ಅಂದಾಜಿಸಿದೆ. ಆದರೆ ಆ ಹೆಚ್ಚಳಕ್ಕೆ ಮುಖ್ಯ ಕಾರಣ ಸ್ತನ, ಥೈರಾಯ್ಡ್, ಶ್ವಾಸಕೋಶಗಳು. ಡಿಎಂಎಸ್‌ಎಯ ವಿಕಿರಣ ಬೀಳುವುದು ಪ್ರಧಾನವಾಗಿ ಮೂತ್ರಪಿಂಡದ ಮೇಲೆ. ದೇಹಕ್ಕೆ ತಗಲುವುದು ಒಟ್ಟಾರೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಆಸುಪಾಸು, ನಿಸರ್ಗದಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಔಷಧದ ಪ್ರಮಾಣವನ್ನು ನಿರ್ಧರಿಸುವುದು ಮಗುವಿನ ತೂಕವೇ ಹೊರತು ಲಿಂಗವಲ್ಲ: ಉತ್ತರ ಅಮೆರಿಕದ ಮಾರ್ಗಸೂಚಿಯಂತೆ ಕಿಲೋಗೆ 1.85 ಮೆಗಾಬೆಕೆರೆಲ್ (ಔಷಧದ ವಿಕಿರಣಶೀಲತೆಯ ಅಳತೆ), ಎಷ್ಟೇ ಪುಟ್ಟ ಮಗುವಾದರೂ ಕನಿಷ್ಠ 18.5. ಅದಕ್ಕಿಂತ ಇಳಿಸಿದರೆ ಚಿತ್ರ ಮಸುಕಾಗುತ್ತದೆ, ಆದ್ದರಿಂದ ಅಲ್ಲಿ ಚೌಕಾಸಿ ಬೇಡ.

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಈ ಸೋಂಕು ಗಂಡುಮಕ್ಕಳಲ್ಲಿ ಹೆಚ್ಚು, ವರ್ಷ ದಾಟಿದ ಮೇಲೆ ಹೆಣ್ಣುಮಕ್ಕಳಲ್ಲಿ. ಹೆಣ್ಣೆಂಬ ಕಾರಣಕ್ಕೆ ಸ್ಕ್ಯಾನ್ ತಪ್ಪಿಸುವುದೆಂದರೆ ಅದರ ಅಗತ್ಯ ಹೆಚ್ಚಿರುವವರಿಗೇ ತಪ್ಪಿಸಿದಂತೆ. ನಿಮ್ಮ ಪ್ರಶ್ನೆಯ ಈ ಭಾಗವನ್ನು ನಾನು ಒಪ್ಪಲಾರೆ. ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಇಲ್ಲವೆಂದರೆ ಗಂಡಾಗಲಿ ಹೆಣ್ಣಾಗಲಿ ಸ್ಕ್ಯಾನ್ ಬೇಡ. ಹೌದೆಂದರೆ ಕೊನೆಯ ಜ್ವರದ ತಾರೀಖನ್ನು ಚೀಟಿಯಲ್ಲಿ ಬರೆದು ಒಯ್ಯಿರಿ, ಚುಚ್ಚುಮದ್ದಿನ ನಂತರ ಚೆನ್ನಾಗಿ ನೀರು ಕುಡಿಸಿ ಆಗಾಗ ಮೂತ್ರ ಮಾಡಿಸಿ. ಔಷಧದ ಒಂದಂಶ ಮೂತ್ರಕೋಶಕ್ಕೆ ಬಂದು ಸೇರುತ್ತದೆ, ಅದರ ಸಮೀಪವೇ ಅಂಡಾಶಯಗಳಿರುವುದರಿಂದ, ಹೆಣ್ಣುಮಗುವೆಂದು ವಿಶೇಷವಾಗಿ ವಹಿಸಬೇಕಾದ ಎಚ್ಚರ ಇದೊಂದೇ.