ಕೈ ಪಳಗೋದು ಅಂದ್ರೆ ಏನು?

ಪ್ರಶ್ನೆ: ಊರಿಂದ ಬಂದ ಅಜ್ಜಿ ಐದು ಕಲ್ಲಿನಾಟ ಹೇಳಿಕೊಟ್ಟರು. ಅವರು ಅಮ್ಮನ ಜೊತೆ ಮಾತಾಡುತ್ತಲೇ ಎಲ್ಲ ಕಲ್ಲನ್ನೂ ಬಾಚಿ ಹಿಡಿಯುತ್ತಾರೆ. ನಾನು ಎರಡನೇ ಸುತ್ತಿಗೇ ಔಟ್. ‘ಕೈ ಪಳಗಬೇಕು ಪುಟ್ಟೀ’ ಅಂತಾರೆ. ಪಳಗಿದರೆ ಕೈಯೊಳಗೆ ಏನಾಗುತ್ತೆ?
– 5ನೇ ತರಗತಿ ಹುಡುಗಿ, ಬನಶಂಕರಿ, ಬೆಂಗಳೂರು

ಉತ್ತರ: ಕೈಗಿಂತ ಜಾಸ್ತಿ ಬದಲಾಗುವುದು ತಲೆಯೊಳಗೆ ಪುಟ್ಟೀ! ತಲೆಯ ಹಿಂದೆ, ಕತ್ತಿಗೆ ಸ್ವಲ್ಪ ಮೇಲೆ ಮುಟ್ಟಿ ನೋಡು. ಅಲ್ಲಿ ಒಳಗಡೆ ಕಿರುಮೆದುಳು ಇದೆ. ತೂಕದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಪಾಲು ಅಷ್ಟೇ, ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇವೆ.

ಒಂದಡಿ ಮೇಲಕ್ಕೆ ಹಾರಿಸಿದ ಕಲ್ಲು ಮತ್ತೆ ಕೈಗೆ ಬರಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟರಲ್ಲಿ ನೀನು ನೆಲದ ಕಲ್ಲು ಬಾಚಬೇಕು, ಅಂಗೈ ತಿರುಗಿಸಬೇಕು, ಹಿಡಿಯಬೇಕು. ಯೋಚನೆ ಮಾಡ್ತಾ ಕೂತರೆ ಆಗುತ್ತಾ? ಅದಕ್ಕೇ ಕಲ್ಲು ಎಲ್ಲಿ ಬೀಳುತ್ತೆ, ಕೈ ಎಷ್ಟು ಚಾಚಬೇಕು ಅಂತ ಮೆದುಳು ಮೊದಲೇ ಅಂದಾಜು ಹಾಕುತ್ತದೆ. ಕಲ್ಲು ತಪ್ಪಿದಾಗ, ಅಂದಾಜಿಗೂ ಆಗಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಕಿರುಮೆದುಳು ನರಕೋಶಗಳ ನಡುವಿನ ಕೊಂಡಿಗಳನ್ನು ಚೂರು ಚೂರೇ ತಿದ್ದುತ್ತದೆ. ಅಂದ್ರೆ ನೀನು ಬೀಳಿಸಿದ ಕಲ್ಲೂ ಲೆಕ್ಕಕ್ಕಿದೆ. ಅಜ್ಜಿಗೆ ಈ ತಿದ್ದುಪಡಿ ಎಲ್ಲ ಎಂದೋ ಮುಗಿದಿದೆ, ಗಮನ ಕೊಡುವ ಕೆಲಸವೇ ಇಲ್ಲ, ಆರಾಮಾಗಿ ಹರಟಬಹುದು.

ಇನ್ನೊಂದು ಮಜಾ ಕೇಳು. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಮೆದುಳಿನ ಆಪರೇಷನ್ ಆಯಿತು. ಆಮೇಲೆ ನಡೆದದ್ದು ಯಾವುದೂ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಮೇಲೆ ಗೆರೆ ಎಳೆಯಲು ಹೇಳಿದರು. ದಿನದಿಂದ ದಿನಕ್ಕೆ ಅವರ ತಪ್ಪು ಕಡಿಮೆಯಾಯಿತು. ಹಿಂದಿನ ದಿನ ಎಳೆದದ್ದು ಮಾತ್ರ ಸುತರಾಂ ನೆನಪಿಲ್ಲ! ಪಾಠ ನೆನಪಿಡುವುದೇ ಬೇರೆ, ಕೈಕೆಲಸ ಕಲಿಯುವುದೇ ಬೇರೆ ಅಂತ ಹೀಗೆ ಗೊತ್ತಾಯಿತು. ನೀನೂ ಕನ್ನಡಿ ನೋಡಿಕೊಂಡು ಎಳೆದು ನೋಡು. ನನ್ನ ಮೊದಲ ನಕ್ಷತ್ರ ನೋಡಿದವರು ಜೇಡ ಅಂದರು.

ಭಾನುವಾರ ಒಂದೇ ದಿನ ಎರಡು ಗಂಟೆ ಆಡುವುದಕ್ಕಿಂತ ದಿನಾ ಹದಿನೈದು ನಿಮಿಷ ಆಡು. ರಾತ್ರಿ ಚೆನ್ನಾಗಿ ನಿದ್ದೆ ಮಾಡು, ಕಲಿತದ್ದು ಗಟ್ಟಿಯಾಗಲು ನಿದ್ದೆಯೂ ಬೇಕು. ಮಹಡಿ ಮೇಲಿನ ಮನೆಯಾದರೆ ಜಮಖಾನ ಹಾಸಿಕೊಂಡು ಆಡು, ಇಲ್ಲದಿದ್ದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.