ಬಣ್ಣ ಸವೆದ ಹಳೇ ಕಾರಿಗೆ ಯಾವ ಕಾಂಪೌಂಡ್, ಯಾವ ಪ್ಯಾಡ್ ಹಾಕಬೇಕು?

ಕಾರು ಹಳೆಯದು, ಬಾನೆಟ್ಟೂ ರೂಫೂ ಮಂಕಾಗಿವೆ, ಮೈತುಂಬ ಸ್ವರ್ಲ್ ಗೀರುಗಳಿವೆ (ಬೆಳಕಿಗೆ ಸುರುಳಿಯಾಗಿ ಕಾಣುವ ಸಣ್ಣ ಗೀರು), ಹೆವಿ-ಮೀಡಿಯಂ-ಫೈನ್ ಮೂರೂ ಇರುವ ಕಾಂಪೌಂಡ್ ಸೆಟ್ (ಬಣ್ಣದ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್) ತಗೊಂಡು, ಪಾಲಿಷಿಂಗ್ ಮಷೀನಿಗೆ ಹಾಕುವ ಉಲ್ಲನ್ ಪ್ಯಾಡಿನಿಂದ ಶುರು ಮಾಡಲೇ ಅಂತ ಕೇಳಿದ್ದೀರಿ. ಬೇಡ. ಅಂಥದ್ದೇ ಮೂರು ಬಾಟಲಿ, ಅಂಥದ್ದೇ ಉಲ್ಲನ್ ಪ್ಯಾಡ್ ಇಟ್ಟುಕೊಂಡು ನಾನೂ ಕೆಲಸಕ್ಕೆ ಇಳಿದಿದ್ದೆ. ಕೊನೆಗೆ ಬಾನೆಟ್ಟನ್ನು ಪೇಂಟಿಂಗ್‌ಗೆ ಕೊಡಬೇಕಾಯಿತು.

ನನ್ನದು ಕಡುನೀಲಿ ಮೆಟಾಲಿಕ್ ಬಣ್ಣದ ಕಾರು. ಕಾಂಪೌಂಡ್ ಬಗ್ಗೆ ಓದಿದ್ದಕ್ಕೆ, ವಿಡಿಯೊ ನೋಡಿದ್ದಕ್ಕೆ ಲೆಕ್ಕವಿಲ್ಲ. ಪ್ಯಾಡ್ ಮಾತ್ರ ಬಗೆಗೊಂದರಂತೆ ತಂದಿದ್ದೆ: ಒಂದು ಮೆದು ಪಾಲಿಷಿಂಗ್ ಫೋಮ್, ಒಂದು ಜಾಸ್ತಿ ಕಡಿಯುವ ಕಟಿಂಗ್ ಫೋಮ್, ಒಂದು ಉಲ್ಲನ್. ಬಹಳ ಜನ ಹೀಗೇ ಕೊಳ್ಳುತ್ತಾರೆ. ದುಡ್ಡೆಲ್ಲ ಬಾಟಲಿಗೆ, ಪ್ಯಾಡ್ ಅಂದರೆ ಮಷೀನಿನ ಜೊತೆ ಬರುವ ಬಿಡಿಭಾಗ ಅಷ್ಟೇ.

ರೂಫಿನ ಮೊದಲ ಚೌಕ ಅದ್ಭುತವಾಗಿ ಬಂತು. ಮೀಡಿಯಂ ಕಾಂಪೌಂಡಿಗೇ ಮಂಕು ಹೋಗಿ ನೀಲಿ ಎದ್ದು ಬಂತು. ಎರಡನೆಯ ಚೌಕ ಪರವಾಗಿಲ್ಲ ಅನ್ನುವ ಹಾಗಿತ್ತು. ಅದರಾಚೆಗೆ ಏನೂ ಆಗಲಿಲ್ಲ. ಕಾಂಪೌಂಡ್ ಬೇಗ ಒಣಗಿ ಪುಡಿಪುಡಿಯಾಗಿ ಹಾರುತ್ತಿತ್ತು, ಒರೆಸಿದರೆ ಗೀರು ಇದ್ದ ಹಾಗೇ ಇತ್ತು. ಇಲ್ಲಿ ಬಣ್ಣ ಜಾಸ್ತಿ ಕೆಟ್ಟಿದೆ, ಈ ಕಾಂಪೌಂಡಿಗೆ ಶಕ್ತಿ ಸಾಲದು ಅಂದುಕೊಂಡೆ. ಹೆವಿ ಬಾಟಲಿ ತೆಗೆದೆ, ಅದಕ್ಕೆಂದೇ ಇಟ್ಟಿದ್ದ ಕಟಿಂಗ್ ಫೋಮ್ ಹಾಕಿದೆ. ತಕ್ಷಣ ಕೆಲಸ ಮಾಡಿತು! ನೋಡಿ, ನಾನು ಹೇಳಿದ್ದೇ ಸರಿ ಅಂತ ಬೀಗಿದೆ.

ಅಲ್ಲೇ ಎಡವಿದ್ದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಅರ್ಥವಾಗುವ ಹೊತ್ತಿಗೆ ಬಾನೆಟ್ ಹೋಗಿತ್ತು. ಹೆವಿ ಕಾಂಪೌಂಡ್ ಕೆಲಸ ಮಾಡಿದ್ದು ಅದು ಹೆವಿ ಅನ್ನುವುದಕ್ಕಷ್ಟೇ ಅಲ್ಲ, ಅದರ ಜೊತೆ ಪ್ಯಾಡೂ ಹೊಸದಾಗಿತ್ತು. ಎರಡನ್ನೂ ಒಟ್ಟಿಗೆ ಬದಲಿಸಿ, ಶ್ರೇಯಸ್ಸೆಲ್ಲ ಬಾಟಲಿಗೆ ಕೊಟ್ಟೆ. ಅದೇ ಮೀಡಿಯಂ ಕಾಂಪೌಂಡನ್ನು ಶುದ್ಧ ಪ್ಯಾಡಿಗೆ ಹಾಕಿ ಒಮ್ಮೆ ನೋಡಿದ್ದರೆ ಸಾಕಿತ್ತು.

ಬಿಸಿಲಿಗೆ ಸುಟ್ಟು ಸತ್ತ ಬಣ್ಣ ಉಜ್ಜಿದಾಗ ಪುಡಿಯಾಗಿ ಏಳುತ್ತದೆ. ಆ ಪುಡಿಯೂ ಕಾಂಪೌಂಡಿನ ಎಣ್ಣೆಯೂ ಸೇರಿ ಫೋಮಿನ ರಂಧ್ರಗಳಲ್ಲಿ ಮೆತ್ತಿಕೊಳ್ಳುತ್ತವೆ. ಆಮೇಲೆ ನೀವು ಹಾಕುವ ಹೊಸ ಕಾಂಪೌಂಡ್ ಬಣ್ಣವನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ಆ ಪೇಸ್ಟಿನ ಮೇಲೆ ಜಾರುತ್ತದೆ. ಸೀಮೆಸುಣ್ಣ ತುಂಬಿದ ಡಸ್ಟರಿನಲ್ಲಿ ಕರಿಹಲಗೆ ಒರೆಸಿದ ಹಾಗೆ. ಜೊತೆಗೆ ಪ್ಯಾಡ್ ಬಿಸಿಯಾಗುತ್ತದೆ, ಭಾರವಾಗುತ್ತದೆ. ಡ್ಯುಯಲ್ ಆಕ್ಷನ್ ಮಷೀನಿನಲ್ಲಿ (ಪ್ಯಾಡನ್ನು ತಿರುಗಿಸುತ್ತಲೇ ಅಲುಗಿಸುವಂಥದ್ದು) ಭಾರವಾದ ಪ್ಯಾಡನ್ನು ಒತ್ತಿ ಹಿಡಿದರೆ ತಿರುಗುವುದು ನಿಂತು ಬರೀ ನಡುಗುತ್ತದೆ. ಗೀರು ತೆಗೆಯುವ ಕೆಲಸ ಅಲ್ಲಿಗೆ ಮುಗಿಯಿತು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ, ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನಾನು ಎಳೆದಿರಲಿಲ್ಲ. ಮಷೀನಿನ ಸದ್ದು ಜೋರಾಗಿತ್ತು, ಹಾಗಾಗಿ ಕೆಲಸ ನಡೆಯುತ್ತಿದೆ ಅಂದುಕೊಂಡೆ.

ಕಟಿಂಗ್ ಫೋಮೂ ಹೀಗೇ ಕೈಕೊಟ್ಟ ಮೇಲೆ ಉಳಿದಿದ್ದು ಉಲ್ಲನ್. ಹೆವಿ ಕಾಂಪೌಂಡ್, ಉಲ್ಲನ್ ಪ್ಯಾಡ್, ಅದರ ಮೇಲೆ ನನ್ನ ಮೈಭಾರ. ಬಾನೆಟ್ಟಿನ ಉದ್ದಕ್ಕೂ ಉಬ್ಬಿದ ಗೆರೆ ಇರುತ್ತದಲ್ಲ, ಅದರ ಪಕ್ಕ ಒಂದು ಆಳದ ಗೀರಿತ್ತು. ಅದನ್ನು ತೆಗೆದೇ ತೀರುತ್ತೇನೆಂದು ಅಲ್ಲೇ ನಿಂತೆ. ಪ್ಯಾಡ್ ತಿರುಗಿಸಿ ನೋಡಿದರೆ ಉಣ್ಣೆ ನೀಲಿಯಾಗಿತ್ತು. ಕೊಳೆ ಚೆನ್ನಾಗಿ ಬರುತ್ತಿದೆ ಅಂದುಕೊಂಡು ಮುಂದುವರಿಸಿದೆ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇರುವ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಬಾರದು. ಮೇಲಿನ ಪದರಕ್ಕೆ ಬಣ್ಣವೇ ಇಲ್ಲ. ಹತ್ತಿತು ಅಂದರೆ ಆ ಪದರ ದಾಟಿದ್ದೀರಿ ಅಂತಲೇ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಚೆನ್ನಾಗಿಯೇ ಕಂಡಿತು. ಆರಿದ ಮೇಲೆ ಉಬ್ಬುಗೆರೆಯ ಉದ್ದಕ್ಕೂ ಹೊಳಪಿಲ್ಲದ ಪಟ್ಟಿ. ಮತ್ತೆ ಒದ್ದೆ ಮಾಡಿದೆ, ಮತ್ತೆ ಆರಿತು. ಅದನ್ನು ಸರಿಮಾಡುವ ಕಾಂಪೌಂಡ್ ಯಾವುದೂ ಇಲ್ಲ. ಬಾನೆಟ್ ಪೇಂಟ್ ಆಗಿ ಬಂತು, ಪಕ್ಕದ ಫೆಂಡರಿಗಿಂತ ಕೂದಲೆಳೆಯಷ್ಟು ಗಾಢ. ಮೆಟಾಲಿಕ್ ಬಣ್ಣದ ಹಣೆಬರಹವೇ ಅದು.

ಎಷ್ಟು ತೆಳುವಾದ ವಸ್ತುವಿನ ಮೇಲೆ ಕೈ ಹಾಕುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ಕಾರ್ಖಾನೆಯಿಂದ ಬಂದ ಬಣ್ಣ, ಪ್ರೈಮರ್‌ನಿಂದ ಮೇಲಿನವರೆಗೆ ಎಲ್ಲ ಸೇರಿ, ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40-50ರ ಆಸುಪಾಸು. ಉಬ್ಬುಗೆರೆ, ಅಂಚುಗಳಲ್ಲಿ ಇನ್ನೂ ತೆಳು. ಬಿಸಿಲಿನ ಅತಿನೇರಳೆ ಕಿರಣ ತಡೆಯುವುದೂ ಈ ಪದರವೇ, ಹಾಗಾಗಿ ತೂತು ಬೀಳದಿದ್ದರೂ ತೆಳುವಾದಷ್ಟೂ ಆಯುಸ್ಸು ಕಡಿಮೆ. ಹಳೇ ಕಾರೆಂದರೆ ನಿಮಗಿಂತ ಮುಂಚೆ ಯಾರು ಎಷ್ಟು ರಬ್ಬಿಂಗ್ ಮಾಡಿಸಿದ್ದಾರೋ. ಥಿಕ್‌ನೆಸ್ ಗೇಜ್ ಸಿಕ್ಕರೆ ಬಳಸಿ, ಆದರೆ ಸಾಮಾನ್ಯ ಗೇಜ್ ತೋರಿಸುವುದು ಒಟ್ಟು ದಪ್ಪ ಮಾತ್ರ. ಮರುಪೇಂಟ್ ಆದ ಜಾಗದಲ್ಲಿ ಅಂಕಿ 200 ದಾಟಿದರೂ ಮೇಲೆ ಕ್ಲಿಯರ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಹಾಗಾಗಿ ಯಾವ ಕಾಂಪೌಂಡ್ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ನಿಮ್ಮ ರೂಫಿನ ಮಂಕು ಯಾವ ಬಗೆಯದು ಅನ್ನುವುದು ಮೊದಲ ಪ್ರಶ್ನೆ. ಬಿಳಿಬಿಳಿ ಮಚ್ಚೆಯಾಗಿ, ಅಂಚು ಎದ್ದು ಸಿಪ್ಪೆ ಸುಲಿಯುತ್ತಿದ್ದರೆ ಕ್ಲಿಯರ್ ಕೋಟ್ ಸತ್ತಿದೆ. ಪಾಲಿಷಿಗೆ ಖರ್ಚು ಮಾಡಬೇಡಿ, ಆ ದುಡ್ಡನ್ನು ಪೇಂಟಿಗೆ ಇಡಿ. ಸಿಪ್ಪೆ ಇಲ್ಲದೆ ಒಂದೇ ಸಮ ಮಂಕಾಗಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಬಿಳಿ ಬಟ್ಟೆಗೆ ಚೂರು ಪಾಲಿಷ್ ಹಚ್ಚಿ ಕೈಯಲ್ಲೇ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ, ಒಂದೋ ಅದು ಕ್ಲಿಯರ್ ಕೋಟೇ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್, ಇಲ್ಲವೇ ಕ್ಲಿಯರ್ ಆಗಲೇ ಹೋಗಿದೆ. ಸಿಂಗಲ್ ಸ್ಟೇಜ್ ಆಗಿದ್ದರೆ ಖುಷಿಪಡಿ, ಅದರ ಮಂಕು ಸಾಮಾನ್ಯವಾಗಿ ಮೆದು ಫೋಮು, ಸೌಮ್ಯ ಪಾಲಿಷಿಗೇ ಹೋಗುತ್ತದೆ. ಪ್ಯಾಡ್ ಮಾತ್ರ ಬಲು ಬೇಗ ತುಂಬುತ್ತದೆ.

ತೊಳೆದು ಕ್ಲೇ ಮಾಡಿದ್ದೇನೆ (ಜೇಡಿಯಂಥ ಉಂಡೆಯಿಂದ ಅಂಟಿದ ಕೊಳೆ ತೆಗೆದಿದ್ದೇನೆ) ಅಂದಿದ್ದೀರಿ, ಆ ಭಾಗ ಬಿಡೋಣ.

ಕೊಳ್ಳುವ ವಿಷಯದಲ್ಲಿ ನನ್ನ ಹಟ ಒಂದೇ: ಬಾಟಲಿ ಎರಡು ಸಾಕು, ಪ್ಯಾಡ್ ಹೆಚ್ಚಿರಲಿ. ಒಂದು ಕಾಂಪೌಂಡ್, ಒಂದು ಫೈನ್ ಪಾಲಿಷ್. ಒಂದೇ ಬಗೆಯ ಕಟಿಂಗ್ ಪ್ಯಾಡ್ ಐದಾರು, ಪಾಲಿಷಿಂಗ್ ಫೋಮ್ ಎರಡು ಮೂರು. ಬಣ್ಣ ನೋಡಿ ಪ್ಯಾಡ್ ಆರಿಸಬೇಡಿ. ಒಂದು ಕಂಪನಿಯ ಕಿತ್ತಳೆ ಕಟಿಂಗ್ ಆದರೆ ಇನ್ನೊಂದರ ಕಿತ್ತಳೆ ಪಾಲಿಷಿಂಗ್. ಹೊಸ ಪ್ಯಾಡಿನ ಮುಖಕ್ಕೆಲ್ಲ ಮೊದಲು ತೆಳ್ಳಗೆ ಕಾಂಪೌಂಡ್ ಸವರಿ, ಆಮೇಲೆ ಚೌಕಕ್ಕೆ ನಾಲ್ಕು ಬಟಾಣಿ ಕಾಳಿನಷ್ಟು ಸಾಕು. ಪ್ರತಿ ಚೌಕ ಮುಗಿದ ಮೇಲೂ ಬ್ರಷ್‌ನಿಂದ, ಇದ್ದರೆ ಕಂಪ್ರೆಸರ್ ಗಾಳಿಯಿಂದ, ಪ್ಯಾಡ್ ಸ್ವಚ್ಛ ಮಾಡಿ. ಒದ್ದೆಯಾಗಿ ಬಿಸಿಯಾದರೆ ಪಕ್ಕಕ್ಕಿಡಿ, ಬೇರೆ ಹಾಕಿ.

ಬಾನೆಟ್ಟಿನ ಸಮತಟ್ಟಾದ ನಡುಭಾಗದಲ್ಲಿ ಎರಡಡಿ ಚೌಕಕ್ಕೆ ಟೇಪ್ ಹಾಕಿ ಪಾಲಿಷಿಂಗ್ ಫೋಮ್, ಫೈನ್ ಪಾಲಿಷ್‌ನಿಂದ ಶುರು ಮಾಡಿ. ಅಡ್ಡ ಒಮ್ಮೆ, ಉದ್ದ ಒಮ್ಮೆ, ಹೀಗೆ ನಾಲ್ಕಾರು ಸಲ ನಿಧಾನವಾಗಿ. ಸಾಲದಿದ್ದರೆ ಒಂದನ್ನೇ ಬದಲಿಸಿ, ಅದೂ ಮೊದಲು ಪ್ಯಾಡನ್ನು. ಅದೇ ಪಾಲಿಷ್ ಕಟಿಂಗ್ ಫೋಮಿನಲ್ಲಿ ಬೇರೆಯೇ ಆಟ ಆಡುತ್ತದೆ. ಆಮೇಲೆ ಕಾಂಪೌಂಡ್. ಅದೂ ಸಾಲದಿದ್ದರೆ ಮೈಕ್ರೋಫೈಬರ್ ಪ್ಯಾಡ್. ಉಲ್ಲನ್ ಕೊನೆಗೆ, ಅದೂ ಬಣ್ಣ ಗಟ್ಟಿಯಿದ್ದು ಬೇರೇನೂ ನಡೆಯದಿದ್ದರೆ. ಉಲ್ಲನ್ ಮೇಲೆ ನನಗೆ ದ್ವೇಷವಿಲ್ಲ; ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ಫೋಮಿಗಿಂತ ತಣ್ಣಗೇ ಇರುತ್ತದೆ. ಆದರೆ ಕಡಿಯುವ ವೇಗ ಜಾಸ್ತಿ, ಹಿಂದೆ ಮಸುಕು ಬಿಟ್ಟು ಹೋಗುತ್ತದೆ, ಅದನ್ನು ತೆಗೆಯಲು ಮತ್ತೆ ಫೋಮ್ ಹಿಡಿಯಲೇಬೇಕು. ರೋಟರಿ ಮಷೀನ್ (ಅಲುಗದೆ ಒಂದೇ ಸಮ ಬಲವಾಗಿ ತಿರುಗುವಂಥದ್ದು) ಯಾರಾದರೂ ಕೊಡುತ್ತೇನೆ ಅಂದರೂ ಮೊದಲ ಸಲಕ್ಕೆ ಬೇಡ.

ಪ್ರತಿ ಪ್ರಯೋಗದ ಮೇಲೂ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ಬಹಳಷ್ಟು ಕಾಂಪೌಂಡುಗಳ ಎಣ್ಣೆ ಗೀರಿನೊಳಗೆ ಕೂತು, ಗೀರು ಹೋಯಿತು ಅನ್ನಿಸುತ್ತದೆ, ಕೆಲವು ವಾಷ್ ಆದ ಮೇಲೆ ಗೀರು ವಾಪಸ್ ಬರುತ್ತದೆ. ಉಗುರಿಗೆ ಸಿಗುವ ಗೀರನ್ನು ಹಾಗೇ ಬಿಡಿ. ನೂರಕ್ಕೆ ನೂರು ಸರಿಮಾಡುವುದು ಹೊಸ ಕಾರಿನವರ ಚಟ. ಸವೆದ ಬಣ್ಣದಲ್ಲಿ ಹೊಳಪು ಬಂದು ಮುಕ್ಕಾಲು ಪಾಲು ಸ್ವರ್ಲ್ ಹೋದರೆ ಮಷೀನ್ ಆಫ್ ಮಾಡಿ. ಉಬ್ಬುಗೆರೆ, ಬಾಗಿಲಿನ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಾಕಿಯೇ ಶುರು ಮಾಡಿ, ಕೊನೆಯಲ್ಲಿ ಟೇಪ್ ಕಿತ್ತು ಅಲ್ಲಿ ಫೈನ್ ಪಾಲಿಷ್ ಮಾತ್ರ, ಕೈಯಲ್ಲೇ.

ಬಂಪರಿಗೂ ಅದೇ ಪ್ಯಾಡ್ ನಡೆಯುತ್ತದೆಯೇ ಅಂದಿರಿ. ನಡೆಯುತ್ತದೆ, ಆದರೆ ಪ್ಲಾಸ್ಟಿಕ್ ಆದ್ದರಿಂದ ಶಾಖ ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ, ಸಾಮಾನ್ಯ ಗೇಜೂ ಅದರ ಮೇಲೆ ಓದುವುದಿಲ್ಲ. ಸ್ಪೀಡ್ ಇಳಿಸಿ, ಒತ್ತಬೇಡಿ, ಆಗಾಗ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆ ತೆಗೆಯುವಷ್ಟು ಬಿಸಿಯಿದ್ದರೆ ಅದು ತಣಿಯುವವರೆಗೆ ಬೇರೆ ಪ್ಯಾನೆಲ್ ಮಾಡಿ.