ಹಿಂಡಿ ಹಾಕಿದರೂ ಕೋಳಿಮರಿ ಬೆಳೆಯುತ್ತಿಲ್ಲ, ಯಾಕೆ?

ಪ್ರಶ್ನೆ: ಮಳೆಗಾಲ ಅಂತ ಕೋಳಿಮರಿಗಳನ್ನು ಗೂಡಲ್ಲೇ ಇಟ್ಟಿದ್ದೇನೆ. ತಿನ್ನಲು ಅಕ್ಕಿ ನುಚ್ಚು, ಪ್ರೋಟೀನ್ ಸಿಗಲಿ ಅಂತ ನೆಲಗಡಲೆ ಹಿಂಡಿ. ಎರಡು ವಾರದ ಮರಿಗಳ ಕಾಲಬೆರಳು ಒಳಗೆ ಸುರುಟಿಕೊಂಡಿದೆ, ಬೆಳವಣಿಗೆಯೂ ಇಲ್ಲ. ಪಕ್ಕದ ಮನೆಯವರು ವಿಟಮಿನ್ ಕಡಿಮೆ ಅಂತಾರೆ. ಹುಲ್ಲು ಮಾತ್ರ ತಿನ್ನುವ ನಮ್ಮ ದನ ಗಟ್ಟಿಮುಟ್ಟಾಗಿದೆಯಲ್ಲ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಪಕ್ಕದ ಮನೆಯವರು ಹೇಳಿದ್ದು ಸರಿ ಇರಬಹುದು ಮಾರಾಯ್ರೇ. ಬೆರಳು ಸುರುಟುವುದು ಬಿ2, ಅಂದರೆ ರೈಬೋಫ್ಲೇವಿನ್ ಕೊರತೆಯ ಗುರುತು. ಮರಿಗಳಿಗೆ ಕೆಜಿ ಆಹಾರದಲ್ಲಿ ಸುಮಾರು 3.6 ಮಿಲಿಗ್ರಾಂ ಬೇಕು, ನುಚ್ಚಿನಲ್ಲಿ ಅಷ್ಟೆಲ್ಲಿಂದ ಬರಬೇಕು?

ಹಿಂಡಿಯ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅಂಗಳಕ್ಕೆ ಒಂದು ಲೋಡ್ ಮುರಕಲ್ಲು ಬಂದು ಬಿದ್ದ ಹಾಗೆ ಅದು, ಮೇಸ್ತ್ರಿ ಬರದೆ ಗೋಡೆ ಏಳುವುದಿಲ್ಲ ಅಲ್ವಾ? ಇಲ್ಲಿ ದೊಡ್ಡ ಮೇಸ್ತ್ರಿ ಬಿ6. ಒಂದು ಅಮೈನೋ ಆಮ್ಲದಿಂದ ಸಾರಜನಕದ ತುಂಡು ತೆಗೆದು ಇನ್ನೊಂದಕ್ಕೆ ಜೋಡಿಸಿ ಬೇಕಾದ್ದನ್ನು ಮಾಡಿಕೊಳ್ಳಲು ಅದು ಬೇಕೇ ಬೇಕು. ತಮಾಷೆ ಏನೆಂದರೆ, ಕಾಳಿನಲ್ಲಿರುವ ಬಿ6 ಕೆಲಸಕ್ಕೆ ಬರುವ ರೂಪಕ್ಕೆ ತಿರುಗಲು ಬಿ2 ಬೇಕು. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ನಯಾಸಿನ್, ಅಂದರೆ ಬಿ3 ವಿಟಮಿನ್, ತಯಾರಾಗಲಿಕ್ಕೂ ಇವೆರಡೂ ಬೇಕು. ಹಾಗಾಗಿ ಒಂದು ಕೈಕೊಟ್ಟರೆ ಉಳಿದವಕ್ಕೂ ಏಟು. ಬಳಕೆಯಾಗದ ಅಮೈನೋ ಆಮ್ಲದ ಸಾರಜನಕ ಯೂರಿಕ್ ಆಮ್ಲವಾಗಿ ಹೊರಗೆ ಹೋಗುತ್ತದೆ. ಹಿಕ್ಕೆಯಲ್ಲಿ ಬೆಳ್ಳಗೆ ಕಾಣುತ್ತದಲ್ಲ, ಅದೇ. ಇನ್ನೂ ಹಿಂಡಿ ಸುರಿದರೆ ದುಡ್ಡು ಸುಮ್ನೆ ಹಿಕ್ಕೆಗೆ ಹೋದ ಹಾಗೆ.

ದನದ ಕಥೆ ಬೇರೆ. ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳೇ ಬಿ ಗುಂಪಿನ ವಿಟಮಿನ್‌ಗಳನ್ನು ಮಾಡಿಕೊಡುತ್ತವೆ, ಮೇವಿನಲ್ಲಿ ಕೋಬಾಲ್ಟ್ ಎಂಬ ಖನಿಜ ಇದ್ದರೆ ಬಿ12 ಕೂಡ. ಕೋಳಿಗೆ ಆ ಭಾಗ್ಯ ಜಾಸ್ತಿ ಇಲ್ಲ. ಹೊರಗೆ ಬಿಟ್ಟಿದ್ದರೆ ಸೊಪ್ಪು, ಹುಳ ಕೆದಕಿ ತಿಂದು ಹೇಗೋ ಸರಿದೂಗಿಸಿಕೊಳ್ಳುತ್ತಿತ್ತು.

ಈಗ ಮರಿಗಳಿಗೆಂದೇ ಸಿಗುವ ಸ್ಟಾರ್ಟರ್ ಫೀಡ್ ಕೊಡಿ. ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ. ಮೊಸರಿನ ಮೇಲೆ ನಿಲ್ಲುವ ತಿಳಿನೀರನ್ನೂ ಚೆಲ್ಲಬೇಡಿ, ಅದರ ಹಸಿರು ಮಿಶ್ರಿತ ಹಳದಿ ಬಣ್ಣ ರೈಬೋಫ್ಲೇವಿನ್‌ನದ್ದೇ. ಬಿಸಿಲಿನಲ್ಲಿ ಇಟ್ಟರೆ ಮಾತ್ರ ಅದು ಹಾಳಾಗುತ್ತದೆ. ಬಿ ಕಾಂಪ್ಲೆಕ್ಸ್ ಹನಿ ಎಷ್ಟು ಅಂತ ಪಶುವೈದ್ಯರನ್ನು ಕೇಳಿ, ತಡ ಮಾಡಬೇಡಿ. ಈಗಷ್ಟೇ ಸುರುಟಿದ ಬೆರಳು ಸರಿಯಾಗುತ್ತದೆ, ಕಾಲಿನ ನರ ಪೂರ್ತಿ ಕೆಟ್ಟಿದ್ದರೆ ಕಷ್ಟ. ದೊಡ್ಡ ಕೋಳಿಗಳಲ್ಲಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದಿರುವುದು ಕಂಡರೆ ಅದು ಮಾರೆಕ್ಸ್ ಎಂಬ ವೈರಸ್ ರೋಗವೂ ಇರಬಹುದು, ಅದಕ್ಕೆ ಯಾವ ವಿಟಮಿನ್ನೂ ನಾಟುವುದಿಲ್ಲ.